ನೀರಿನಾಚೆಯ ಟಪಾಲು

ಕಾರವಾರ ಮತ್ತು ಅಂಕೋಲೆ ದ್ವೀಪಗಳಲ್ಲ. ಆದರೂ ನೂರೈವತ್ತು ವರ್ಷಗಳ ಹಿಂದೆ ಅವುಗಳ ಸ್ಥಿತಿ ದ್ವೀಪಗಳಿಗಿಂತ ಬಹಳ ಭಿನ್ನವಾಗಿರಲಿಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವಕ್ಕೆ ದಟ್ಟವಾದ ಕಾಡು ಹೊದ್ದ ಸಹ್ಯಾದ್ರಿ. ಉತ್ತರಕ್ಕೆ ಕಾಳಿ ನದಿ, ಅದರಾಚೆ 1961ರವರೆಗೂ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆ. ದಕ್ಷಿಣಕ್ಕೆ ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳು. ಎತ್ತ ಹೋಗಬೇಕಾದರೂ ನೀರನ್ನು ದಾಟಬೇಕು, ಇಲ್ಲವೆ ಘಟ್ಟವನ್ನು ಹತ್ತಬೇಕು. ಇಂತಹ ಸೀಮೆಗೆ ಕಾಗದವೊಂದು ಬಂದು ಮುಟ್ಟುತ್ತಿದ್ದುದು ಹೇಗೆ?

ಈ ಭಾಗದ ಹಿರಿಯರು ಅಂಚೆಯನ್ನು ಟಪಾಲು ಎಂದೇ ಕರೆಯುತ್ತಿದ್ದರು. ಮೊದಲು ಟಪಾಲಿನ ದರವು ಪತ್ರದ ತೂಕದೊಡನೆ ದೂರವನ್ನೂ ಅವಲಂಬಿಸಿತ್ತು. 1837ರ ಕಾಯಿದೆಯ ಕಾಲದಲ್ಲಿ ಒಂದು ತೊಲ ತೂಕದ ಪತ್ರವನ್ನು ಕಲ್ಕತ್ತೆಯಿಂದ ಮುಂಬಯಿಗೆ ಕಳುಹಿಸಲು ಒಂದು ರೂಪಾಯಿ ಬೇಕಾಗಿತ್ತು. ಬಡವರಿಗೆ ಪತ್ರವೆಂಬುದು ಕೈಗೆಟುಕದ ವಸ್ತು.

1854ರ ಅಕ್ಟೋಬರ್ 1ರಂದು ಈ ಕ್ರಮ ಬದಲಾಯಿತು. ಕಾಲು ತೊಲದ ಪತ್ರಕ್ಕೆ ಅರ್ಧ ಆಣೆ. ಅದು ಪಕ್ಕದ ಊರಿಗೆ ಹೋಗಲಿ, ದೇಶದ ಇನ್ನೊಂದು ಕೊನೆಗೆ ಹೋಗಲಿ, ದರ ಒಂದೇ. ಸಾವಿರಾರು ಪತ್ರಗಳು ಒಟ್ಟಿಗೆ ಸಾಗುವಾಗ ಒಂದೊಂದು ಪತ್ರದ ಪಾಲಿಗೆ ಬರುವ ಸಾಗಣೆಯ ವೆಚ್ಚ ಅತ್ಯಲ್ಪವೆಂಬ ಲೆಕ್ಕಾಚಾರ ಇದರ ಹಿಂದಿತ್ತು. ಆದರೆ ಹೊಳೆಯಾಚೆಯ ಹಳ್ಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿಗೆ ಬರುವ ಪತ್ರಗಳು ಎರಡೋ ಮೂರೋ. ದೋಣಿಯ ಖರ್ಚು ಮಾತ್ರ ಪೂರ್ತಿ. ಆ ನಷ್ಟವನ್ನು ಪಟ್ಟಣಗಳ ಟಪಾಲಿನ ಗಳಿಕೆಯಿಂದ ತುಂಬಬೇಕು. ಅರ್ಧ ಆಣೆಯ ಚೀಟಿಯನ್ನು ಅಂಟಿಸಿದೊಡನೆ, ಪತ್ರವನ್ನು ನೀರು ದಾಟಿಸುವ ಹೊಣೆ ಸರಕಾರದ್ದಾಗುತ್ತಿತ್ತು. ಅಂಚೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಬೇರೊಂದಿಲ್ಲವೆಂದೇ ಹೇಳಬೇಕು.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬುದು ಇದರ ಉದ್ದೇಶವಾಗಿತ್ತು. ಕಾರವಾರವು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಮುಂಬಯಿಯ ಕಡೆಯಿಂದ ಉಗಿಹಡಗುಗಳು ಬರತೊಡಗಿದವು. 1883ರಲ್ಲಿ ಇಲ್ಲಿನ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ಹಿಂದಿರುಗಿದ್ದೂ ಹಡಗಿನಲ್ಲಿಯೇ. ಆದರೆ ಮುಂಗಾರು ಆರಂಭವಾಯಿತೆಂದರೆ ಕಡಲಿನ ದಾರಿ ಮುಚ್ಚುತ್ತಿತ್ತು. ಆಗ ಉಳಿಯುತ್ತಿದ್ದುದು ಅರಬೈಲಿನಂತಹ ಘಟ್ಟದ ದಾರಿಗಳು. ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ ಹಿಡಿದು ಓಡುವ ಅಂಚೆಯಾಳು ತನ್ನ ಸರದಿಯ ಕೆಲವು ಮೈಲಿಗಳನ್ನು ಕ್ರಮಿಸಿ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದನು. ಗೆಜ್ಜೆಯ ಸದ್ದು ಕಾಡುಪ್ರಾಣಿಗಳಿಗೆ ಎಚ್ಚರಿಕೆ. ಮುಂದಿನ ಕಟ್ಟೆಯಲ್ಲಿ ಕಾದವನಿಗೆ ಸೂಚನೆ. 1880ರಲ್ಲಿ ಅಂಚೆ ಇಲಾಖೆಯು ಮನಿಯಾರ್ಡರನ್ನು ಆರಂಭಿಸಿದ ಬಳಿಕ, ದುಡಿಯಲು ಮುಂಬಯಿಗೆ ಹೋದ ಮಗನ ಕ್ಷೇಮಸಮಾಚಾರದೊಂದಿಗೆ ಅವನ ಗಳಿಕೆಯೂ ಮನೆಗೆ ಬರಲು ದಾರಿಯಾಯಿತು. ಟಪಾಲು ತಡವಾದರೆ ಒಲೆ ಹೊತ್ತುವುದೂ ತಡವಾಗುವ ಮನೆಗಳಿದ್ದವು.

ಸಮುದ್ರದ ಟಪಾಲಿಗೆ ಕಾನೂನಿನ ಬೆಂಬಲವಿತ್ತು. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯಂತೆ, ಬಂದರಿನಿಂದ ಹೊರಡುವ ಹಡಗು ಟಪಾಲಿಗೆಂದೇ ನೇಮಕವಾದುದಲ್ಲದಿದ್ದರೂ, ಅಂಚೆಯವರು ಒಪ್ಪಿಸಿದ ಚೀಲವನ್ನು ಅದರ ನಾಯಕನು ರಸೀದಿ ಕೊಟ್ಟು ಸ್ವೀಕರಿಸಬೇಕಾಗಿತ್ತು. ಸೇರಬೇಕಾದ ಬಂದರಿನಲ್ಲಿ ತಡಮಾಡದೆ ಒಪ್ಪಿಸಬೇಕಾಗಿತ್ತು. 2024ರ ಜೂನ್ 18ರಂದು ಹೊಸ ಕಾಯಿದೆ ಜಾರಿಗೆ ಬರುವವರೆಗೂ ಈ ಕಾಯಿದೆಯೇ ನಡೆದುಬಂದಿತು.

ದಡಕ್ಕೆ ಬಂದ ಚೀಲದ ಪ್ರಯಾಣ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಕಾರವಾರದ ಎದುರು ಕಡಲಿನಲ್ಲಿ ದೇವಗಡ ಎಂಬ ನಡುಗಡ್ಡೆಯಿದೆ. 1864ರಲ್ಲಿ ಅಲ್ಲಿ ದೀಪಸ್ತಂಭವು ಬೆಳಗಿತು. ದೀಪವನ್ನು ಕಾಯುವವರಿಗೆ ಅಕ್ಕಿ, ಎಣ್ಣೆಗಳಂತೆ ಪತ್ರವೂ ದೋಣಿಯಲ್ಲಿಯೇ ಬರಬೇಕು. ಅಂಕೋಲೆ ತಾಲೂಕಿನಲ್ಲಿ ಗಂಗಾವಳಿಯ ನಡುವೆ ಇರುವ ಕೂರ್ವೆಗೂ ದೋಣಿಯೇ ದಾರಿಯಾಗಿತ್ತು. ಸ್ವತಃ ಕಾರವಾರದಲ್ಲಿ, ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿಯ ಮೇಲೆ ಸೇತುವೆಯಾದದ್ದು 1980ರ ದಶಕದಲ್ಲಿ.

ಇಂತಹ ಹೊಣೆಯನ್ನು ಯಾರೂ ಹೊರದಿದ್ದರೆ ಏನಾದೀತೆಂಬುದಕ್ಕೆ ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹಾ ದ್ವೀಪವು ನಿದರ್ಶನವಾಗಿದೆ. ಅದರ ಸಮೀಪದ ಜನವಸತಿಯೆಂದರೆ ಸುಮಾರು 2,400 ಕಿಲೋಮೀಟರ್ ದೂರದ ಸೇಂಟ್ ಹೆಲೆನಾ! ಅಲ್ಲಿಗೆ ನಿಯತವಾದ ಟಪಾಲು ಹಡಗು ಇರಲಿಲ್ಲ. ಹಾದುಹೋಗುವ ಹಡಗು ನಿಂತರೆ ಪತ್ರ, ಇಲ್ಲದಿದ್ದರೆ ಇಲ್ಲ. ಮೊದಲನೆಯ ಮಹಾಯುದ್ಧ ಹೇಗೆ ಮುಗಿಯಿತೆಂಬುದು ದ್ವೀಪವಾಸಿಗಳಿಗೆ ತಿಳಿದದ್ದು 1919ರಲ್ಲಿ ಯುದ್ಧನೌಕೆಯೊಂದು ಬಂದಾಗ. ಹಣದ ಬಳಕೆಯೇ ವಿರಳವಾಗಿದ್ದ ಅಲ್ಲಿ, 1946ರಲ್ಲಿ ಸಿದ್ಧಪಡಿಸಿದ ಅಂಚೆಚೀಟಿಯ ಮಾದರಿಯೊಂದರ ಮೇಲೆ ಒಂದು ಪೆನ್ನಿಯ ಜೊತೆಗೆ 'ನಾಲ್ಕು ಆಲೂಗಡ್ಡೆ' ಎಂದೂ ಬೆಲೆಯನ್ನು ನಮೂದಿಸಿದ್ದರು. ಅಧಿಕೃತ ಅಂಚೆಚೀಟಿಗಳು ಬಂದದ್ದು 1952ರಲ್ಲಿ. ಆ ಬಳಿಕವೂ ತೊಡಕು ತಪ್ಪಲಿಲ್ಲ. ದ್ವೀಪದ ಏಕೈಕ ಊರಿನ ಹೆಸರು ಎಡಿನ್‌ಬರೋ. ಹೀಗಾಗಿ ಅಲ್ಲಿಯ ಪತ್ರಗಳು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗುತ್ತಿದ್ದುದುಂಟು. 2005ರಲ್ಲಿ ದ್ವೀಪಕ್ಕೆ ಪ್ರತ್ಯೇಕ ಅಂಚೆ ಸಂಕೇತ ದೊರೆಯಿತು.

ನಮ್ಮಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕಾರವಾರದ್ದು 581301, ಅಂಕೋಲೆಯದು 581314. ಮೊದಲ ಮೂರು ಅಂಕೆಗಳು ಪತ್ರವನ್ನು ವಿಂಗಡಿಸುವ ಜಿಲ್ಲೆಯನ್ನೂ ಕೊನೆಯ ಮೂರು ಅದನ್ನು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಅಂಚೆ ಕಚೇರಿಯಿಂದ ಮುಂದೆ, ಹೊಳೆಯಾಚೆಯ ಮನೆಯವರೆಗಿನ ದಾರಿಗೆ ಅಂಕೆಗಳಿಲ್ಲ. ಅದನ್ನು ಬಲ್ಲವನು ಟಪಾಲಿನವನು.