ಏರಿನಲ್ಲಿ ನಿಂತ ಗಾಡಿ

ಆಷಾಢದ ಒಂದು ಸಂಜೆ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೊರಟಿದ್ದೆವು. ಟಾರು ಮುಗಿದು ಮಣ್ಣಿನ ಏರು ಶುರುವಾದಲ್ಲಿ ಭಾವನ ಗಾಡಿ ನಿಂತಿತು. ಎಸ್‌ಯುವಿಯೇ, ಎಂಜಿನ್ನಿಗೆ ಬಲವೂ ಕಮ್ಮಿಯಿಲ್ಲ. ಇಳಿದು ನೋಡಿದರೆ ಹಿಂದಿನ ಎಡಗಾಲಿ ಕೆಂಪು ರಾಡಿ ಎರಚುತ್ತ ಗಿರಗಿರ ತಿರುಗುತ್ತಿದೆ, ಬಲಗಾಲಿ ಅಲುಗದೆ ಕೂತಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಹಳೇ ಜೀಪೊಂದು ನಮ್ಮ ಪಕ್ಕದಲ್ಲೇ ನಿಧಾನಕ್ಕೆ ಹತ್ತಿಹೋಯಿತು.

ಐದು ಮೀಟರ್ ಸಾಗಿದರೆ ಒಂದು ಮೀಟರ್ ಮೇಲೇರುವ ದಾರಿ ಅಂದುಕೊಳ್ಳಿ. ಜನ, ಸಾಮಾನು ಸೇರಿ ಗಾಡಿ 2,000 ಕೆ.ಜಿ. ಮೇಲೇರಲು ಅದರ ಐದನೇ ಒಂದು ಪಾಲು, ಅಂದರೆ 400 ಕೆ.ಜಿ. ಭಾರದಷ್ಟು ತಳ್ಳುಬಲ ಬೇಕು. ಒದ್ದೆ ಮಣ್ಣು ತನ್ನ ಮೇಲೆ ಬಿದ್ದ ಭಾರದ ಶೇ. 30ರಷ್ಟು ಹಿಡಿತ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಒಣ ಟಾರಿನಲ್ಲಿ ಇದು ದುಪ್ಪಟ್ಟಿಗೂ ಹೆಚ್ಚು. ಭಾವನ ಗಾಡಿಯಲ್ಲಿ ತಳ್ಳುವುದು ಹಿಂದಿನ ಎರಡು ಗಾಲಿ ಮಾತ್ರ; ಅವುಗಳ ಮೇಲೆ 1,200 ಕೆ.ಜಿ. ಕೂತಿದ್ದರೂ ಸಿಗುವುದು 360. ಬೇಕಾದದ್ದು 400. ಎಂಜಿನ್ 100 ಎಚ್‌ಪಿ ಇರಲಿ, 200 ಇರಲಿ, ಗಾಡಿ ಹತ್ತುವುದಿಲ್ಲ. ನಾಲ್ಕೂ ಗಾಲಿ ತಳ್ಳಿದರೆ ಪೂರ್ತಿ ಭಾರ ಕೆಲಸಕ್ಕೆ ಬಂದು 600ರ ಹತ್ತಿರ ಸಿಗುತ್ತದೆ. ಮುಂದಿನ ಗಾಲಿ ಮಾತ್ರ ಎಳೆಯುವ ಗಾಡಿಯ ಪಾಡು ಇನ್ನೂ ಕಷ್ಟ, ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದಲ್ಲ.

ಒಂದೇ ಗಾಲಿ ತಿರುಗಿದ್ದಕ್ಕೆ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಅದಕ್ಕೆ ಬಿಡುವು ಕೊಡುವ ಹಲ್ಲುಚಕ್ರಗಳ ಗುಂಪು ಅದು. ಎರಡೂ ಕಡೆಗೆ ಸಮನಾಗಿ ಬಲ ಹಂಚುವುದು ಅದರ ಸ್ವಭಾವ. ಒಂದು ಗಾಲಿ ಜಾರಿ ಬಲ ಹೀರದೆ ಹೋದರೆ ಇನ್ನೊಂದಕ್ಕೂ ಅಷ್ಟೇ ದಕ್ಕುತ್ತದೆ.

ಫೋರ್ ವೀಲ್ ಇರುವ ಹಳೇ ಸ್ಕಾರ್ಪಿಯೋದಂಥ ಗಾಡಿಯಲ್ಲಿ 2ಎಚ್ (ಎರಡು ಗಾಲಿ), 4ಎಚ್ (ನಾಲ್ಕು ಗಾಲಿ), 4ಎಲ್ (ನಾಲ್ಕು ಗಾಲಿ, ತಗ್ಗಿನ ಗೇರು) ಎಂದು ತಿರುಗಿಸುವ ಗುಂಡಿ ಇರುತ್ತದೆ. 4ಎಚ್‌ಗೆ ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾದರೂ ಈಗ ಬಿಡುವಿಲ್ಲ. ಕೆಸರಿನಲ್ಲಿ ಗಾಲಿ ಕೊಂಚ ಜಾರಿ ಸರಿಹೊಂದಿಸಿಕೊಳ್ಳುತ್ತದೆ; ಒಣ ಟಾರಿನಲ್ಲಿ ಜಾರಲಾಗದೆ ಇಡೀ ಯಂತ್ರ ಹಗ್ಗದಂತೆ ಹುರಿಗೊಳ್ಳುತ್ತದೆ. ಹೈವೇಯಲ್ಲಿ ಮಳೆ ನಿಂತ ಮೇಲೂ 4ಎಚ್ ತೆಗೆಯದೆ ಓಡಿಸಿ ಗೇರು ಸವೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2014ರಲ್ಲಿ ಇಲ್ಲಿಗೆ ಬಂದ ಡಸ್ಟರ್ ಗಾಡಿಯ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್) ಮಾದರಿಯ ದಾರಿ ಬೇರೆ: ಮುಂದಿನ ಗಾಲಿ ಜಾರಿತೆಂದು ತಿಳಿದ ಕ್ಷಣ ವಿದ್ಯುತ್ಕಾಂತದ ಕ್ಲಚ್ಚೊಂದು ಹಿಂದಿನ ಗಾಲಿಗೂ ಬಲ ಕಳಿಸುತ್ತದೆ.

ಇಳಿಜಾರಿನಲ್ಲಿ ಮಾತ್ರ ಫೋರ್ ವೀಲ್ ಇದೆಯೆಂದು ನುಗ್ಗಬೇಡಿ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಗಾಲಿಗೇ ಇದೆ, ನಿಲ್ಲಿಸುವುದು ಟೈರಿನ ಹಿಡಿತ. ಮನೆ ಬಾಗಿಲವರೆಗೆ ಟಾರಿದ್ದವರು ಟೂ ವೀಲ್ ಕೊಂಡು, ಉಳಿದ ದುಡ್ಡಿಗೆ ನಾಲ್ಕು ಒಳ್ಳೆಯ ಟೈರು ಹಾಕಿಸಿಕೊಳ್ಳಿ ಎಂದೇ ನಾನು ಹೇಳುವುದು. ಫೋರ್ ವೀಲ್ ಬೇಕೆನ್ನುವವರು ಮಳೆಗಾಲದಲ್ಲಿ ಮನೆ ದಾರಿಯ ಕೊನೆಯ ಒಂದು ಕಿಲೋಮೀಟರ್ ನೆನೆದು ನಿರ್ಧರಿಸಲಿ.

ಭಾವ ಈಗ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಹುಡುಕುತ್ತಿದ್ದಾರೆ. ಮೊನ್ನೆ ನೋಡಿದ ಗಾಡಿಯ ಮಾಲೀಕರು, "ಒಂದು ಸಲಾನೂ ಫೋರ್ ವೀಲ್ ಹಾಕಿಲ್ಲ ಸಾರ್" ಎಂದು ಹೆಮ್ಮೆಯಿಂದ ಹೇಳಿದರು. ಭಾವನ ಮುಖ ಅರಳಿತು, ನನಗೆ ಅಳುಕಾಯಿತು. ವರ್ಷಗಟ್ಟಲೆ ಅಲುಗದಿದ್ದರೆ ಫೋರ್ ವೀಲ್ ಕೂಡಿಸುವ ಫೋರ್ಕು, ಮೋಟಾರು ಹಿಡಿದುಕೊಳ್ಳುವುದುಂಟು. ಪಕ್ಕದ ಮಣ್ಣಿನ ಮೈದಾನಕ್ಕೆ ಹೋಗಿ, ನ್ಯೂಟ್ರಲ್‌ಗೆ ತಂದು, 4ಎಲ್‌ಗೆ ತಿರುಗಿಸಿದೆವು. ಡ್ಯಾಶ್‌ಬೋರ್ಡಿನ ದೀಪ ಮಿನುಗಿತು, ಮಿನುಗುತ್ತಲೇ ಇತ್ತು. ಕೆಳಗಿನಿಂದ ಕಟಕ್ಕೆನ್ನುವ ಸದ್ದು ಬರಲೇ ಇಲ್ಲ.