ಅರಳುಮರಳು ಅಂದುಬಿಟ್ಟರೆ ಮುಗಿಯಿತೆ?

ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಗೂ ಮುದುಕರ ಕಾಯಿಲೆಗೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ಅಮೆರಿಕದಲ್ಲಿ ಇದೆ ಸ್ವಾಮಿ. ಹಾರ್ಟ್‌ಫರ್ಡ್ ಅನ್ನೋ ಮನೆತನದ ಅಣ್ಣತಮ್ಮಂದಿರು, ಜಾರ್ಜ್ ಮತ್ತು ಜಾನ್, ಚಹಾಪುಡಿ, ಕಾಫಿಪುಡಿ, ದಿನಸಿ ಮಾರಿಯೇ ದೊಡ್ಡ ಕುಳಗಳಾದರು. ‘ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ’ ಅವರದು. 1930ರ ಹೊತ್ತಿಗೆ 15 ಸಾವಿರಕ್ಕೂ ಮೇಲೆ ಅಂಗಡಿ! ಜಾನ್ 1929ರಲ್ಲಿ ಒಂದು ದತ್ತಿ ಕಟ್ಟಿದ. ಕೊನೆಗೆ ಅಣ್ಣತಮ್ಮ ಇಬ್ಬರ ಸಂಪತ್ತೂ ಅಲ್ಲಿಗೇ ಸೇರಿತು. 2015ರಲ್ಲಿ ಆ ಅಂಗಡಿಗಳು ದಿವಾಳಿಯಾಗಿ ಬಾಗಿಲು ಹಾಕಿದವು. ದತ್ತಿ ಉಳಿಯಿತು. 1980ರ ದಶಕದಿಂದ ಅದರ ದುಡ್ಡು ಮುಖ್ಯವಾಗಿ ಹರಿದಿದ್ದು ವಯಸ್ಸಾದವರ ಆರೋಗ್ಯಕ್ಕೆ.

ಆ ದುಡ್ಡಿನಲ್ಲಿ 1994ರಲ್ಲಿ ಒಂದು ಕೆಲಸ ಶುರುವಾಯಿತು. ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ ಹುಡುಗ ಹುಡುಗಿಯರಿಗೆ ಅಲ್ಲಿ ಉದ್ದದ ಬೇಸಿಗೆ ರಜ ಸಿಗುತ್ತೆ. ಆ ರಜದಲ್ಲಿ ಎಂಟರಿಂದ ಹನ್ನೆರಡು ವಾರ, ಸ್ಟೈಪೆಂಡ್ ಕೊಟ್ಟು, ಒಬ್ಬೊಬ್ಬರನ್ನೂ ಒಬ್ಬ ಹಿರಿಯ ಡಾಕ್ಟರ ಕೈಕೆಳಗೆ ಬಿಡುವುದು. ಮುದುಕರ ಕಾಯಿಲೆಗಳ ಬಗ್ಗೆ ಏನಾದರೊಂದು ಸಂಶೋಧನೆ ಮಾಡಿಸುವುದು. ಆಮೇಲೆ ಅಮೆರಿಕ ಸರ್ಕಾರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯೂ ಇದಕ್ಕೆ ದುಡ್ಡು ಹಾಕಿತು.

ಪುಕ್ಕಟೆ ದುಡ್ಡು ಯಾಕೆ ಕೊಡಬೇಕು? ಯಾರೂ ತಾವಾಗಿ ಬರಲ್ಲ, ಅದಕ್ಕೆ. 2020ರ ಜನಗಣತಿ ಪ್ರಕಾರ ಅಲ್ಲಿ 65 ದಾಟಿದವರು ಐದೂವರೆ ಕೋಟಿ. ಅವರಿಗೆಂದೇ ಓದಿದ ಡಾಕ್ಟರು ಏಳು ಸಾವಿರದ ಆಸುಪಾಸು. ಹೆಚ್ಚು ಓದಿ ಕಡಿಮೆ ಸಂಪಾದಿಸುವ ಕಸುಬು ಅದು. ಹೃದಯದ ಡಾಕ್ಟರಿಗೆ ಇರುವ ಠೀವಿ ಮುದುಕರ ಡಾಕ್ಟರಿಗೆ ಎಲ್ಲಿಂದ ಬರಬೇಕು!

ಈ ವಿದ್ಯೆಗೆ ‘ಜೀರಿಯಾಟ್ರಿಕ್ಸ್’ ಅಂತ 1909ರಲ್ಲಿ ಹೆಸರಿಟ್ಟವನು ನ್ಯೂಯಾರ್ಕಿನ ಇಗ್ನಾಟ್ಸ್ ನಾಷರ್. ವಿದ್ಯಾರ್ಥಿಯಾಗಿದ್ದಾಗ ಬಡವರ ಗಂಜಿಕೇಂದ್ರದಂಥ ಜಾಗಕ್ಕೆ ಮೇಷ್ಟ್ರ ಹಿಂದೆ ಹೋಗಿದ್ದನಂತೆ. ಒಬ್ಬ ಮುದುಕಿ ಕುಂಟುತ್ತಾ ಬಂದು ನೋವು ಹೇಳಿಕೊಂಡಳು. ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಏನು ಕಾಯಿಲೆ ಅಂದರೆ ಮುಪ್ಪು ಅಂದರು, ಏನು ಮಾಡೋದು ಅಂದರೆ ಏನೂ ಇಲ್ಲ ಅಂದರು. ಆ ಮಾತು ನಾಷರ್ ತಲೆಯಲ್ಲಿ ಕೂತುಬಿಟ್ಟಿತು. ನೂರು ವರ್ಷ ಆದ ಮೇಲೂ ನಮ್ಮ ಕಡೆ ಓಪಿಡಿಯಲ್ಲಿ ಇದೇ ಮಾತು ಕೇಳಿಸುತ್ತೆ: “ವಯಸ್ಸಾಯ್ತಲ್ಲಜ್ಜಿ, ಇನ್ನೇನು?”

ಬೇಸಿಗೆಯಲ್ಲಿ ಬಂದ ಹುಡುಗರು ಕಲಿಯುವುದು ದೊಡ್ಡ ಯಂತ್ರದ ಕೆಲಸ ಆಗಿರಲೇಬೇಕು ಅಂತಿಲ್ಲ. ಈ ವಿದ್ಯೆಯ ಉಪಕರಣಗಳು ಸಾದಾ. ಉದಾಹರಣೆಗೆ, 1991ರಲ್ಲಿ ಪ್ರಕಟವಾದ ಒಂದು ಪರೀಕ್ಷೆಗೆ ಬೇಕಾದ್ದು ಕುರ್ಚಿ ಮತ್ತು ಗಡಿಯಾರ. ಅಜ್ಜ ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆದು, ತಿರುಗಿ, ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. (ನಮ್ಮ ಬಸ್ಸು ಹತ್ತುವ ಅಜ್ಜಂದಿರನ್ನು ದಿನಾ ನೋಡುವ ಕಂಡಕ್ಟರಿಗೆ ಗಡಿಯಾರವೂ ಬೇಡ. ಆದರೆ ರೈಟ್ ಅನ್ನುವ ಅವಸರ ಅವರದು.)

ಇನ್ನು ಅರಳುಮರಳಿನ ವಿಷಯ. ಅರವತ್ತಾದರೆ ಅರಳುಮರಳು ಅಂತ ಗಾದೆ ಕಟ್ಟಿ ನಾವು ಕೈತೊಳೆದುಕೊಂಡಿದ್ದೇವೆ. ಮನೆಯಲ್ಲಿ ನೆಟ್ಟಗಿದ್ದ ಅಪ್ಪ ಆಸ್ಪತ್ರೆ ಸೇರಿದ ಮೂರನೇ ದಿನ ಮಗನನ್ನೇ ಯಾರಪ್ಪಾ ನೀನು ಅಂತಾನೆ, ರಾತ್ರಿ ಎದ್ದು ಡ್ರಿಪ್ ಕಿತ್ತುಹಾಕ್ತಾನೆ. ಇನ್ನು ಕೆಲವರು ಗಲಾಟೆಯೇ ಇಲ್ಲದೆ ಮಂಕಾಗಿ ಬಿದ್ದಿರ್ತಾರೆ. ಅದು ಯಾರ ಕಣ್ಣಿಗೂ ಬೀಳಲ್ಲ. ಇದು ಮುಪ್ಪಿನ ಮರೆವಲ್ಲ. ಡಾಕ್ಟರರು ಇದನ್ನು ‘ಡೆಲಿರಿಯಂ’ ಅಂತಾರೆ. ಸೋಂಕು, ಮೈಯಲ್ಲಿ ನೀರು ಕಮ್ಮಿಯಾಗುವುದು, ಹೊಸ ಮಾತ್ರೆ, ನಿದ್ದೆಗೇಡು, ಹೀಗೆ ಕಾರಣಗಳು ಹಲವು. ಕಾರಣ ಹಿಡಿದರೆ ಬಹಳ ಸಲ ಇಳಿಯುತ್ತೆ. ಹಿಡಿಯದೆ ಬಿಟ್ಟರೆ ಜೀವಕ್ಕೂ ಕುತ್ತು.

ಡಾ. ಶರೋನ್ ಇನೋಯೆ ಎಂಬ ವೈದ್ಯೆ ಅಮೆರಿಕದ ಯೇಲ್‌ನಲ್ಲಿ ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದರು. ಔಷಧಿಯೇನೂ ಇಲ್ಲ. ದಿನಾ ಹೋಗಿ ಮಾತಾಡಿಸುವುದು, ಇವತ್ತು ಯಾವ ವಾರ ಅಂತ ನೆನಪಿಸುವುದು, ಕನ್ನಡಕ ಹಾಕಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ರಾತ್ರಿ ನಿದ್ದೆ ಮಾತ್ರೆ ಬದಲು ಬಿಸಿ ಹಾಲು ಕೊಟ್ಟು ಬೆನ್ನು ನೀವುವುದು. ಇಷ್ಟೇ. ಮಾಮೂಲು ವಾರ್ಡಿನಲ್ಲಿ ನೂರಕ್ಕೆ 15 ಮಂದಿಗೆ ಬಂದ ಡೆಲಿರಿಯಂ ಇಲ್ಲಿ ಹತ್ತಕ್ಕೂ ತುಸು ಕೆಳಗೆ ಇಳಿಯಿತು. ನಮ್ಮಜ್ಜಿಗೆ ಗೊತ್ತಿದ್ದ ವಿದ್ಯೆ ಅನ್ನಬಹುದು ನೀವು. ಸರಿ. ಆದರೆ ನಮ್ಮಜ್ಜಿ ಲೆಕ್ಕ ಬರೆದಿಡಲಿಲ್ಲ. ಲೆಕ್ಕ ಇಲ್ಲದ್ದನ್ನು ಯಾವ ಆಸ್ಪತ್ರೆ ಕೇಳುತ್ತೆ ಹೇಳಿ? ಹುಡುಗರಿಗೆ ರಜದಲ್ಲಿ ಕಲಿಸಬೇಕಾದ್ದು ಈ ಲೆಕ್ಕವನ್ನೇ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಮದರಾಸಿನ ದೊಡ್ಡಾಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ 1978ರಲ್ಲೇ ಮುದುಕರಿಗೆ ಬೇರೆ ಓಪಿ ತೆರೆದರು. ನಮ್ಮ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ನಲವತ್ತೈದು ದಾಟಿದ ರೈತಾಪಿ ಜನರ ನೆನಪು, ನಡಿಗೆ, ಬಿಪಿ ಎಲ್ಲ ಅಳೆಯಲು ಹೊರಟರು. ಹತ್ತು ಸಾವಿರ ಜನರ ಗುರಿ. ಇನ್ನು ದೆಹಲಿಯ ಐಸಿಎಂಆರ್, ಎಂಬಿಬಿಎಸ್ ಹುಡುಗರಿಗೆ ಎರಡು ತಿಂಗಳ ಸಂಶೋಧನೆಗೆ ಸ್ಟೈಪೆಂಡ್ ಕೊಡುವ ಯೋಜನೆಯನ್ನು 1979ರಲ್ಲೇ, ಅಂದರೆ ಅಮೆರಿಕದವರಿಗಿಂತ 15 ವರ್ಷ ಮೊದಲೇ ಶುರು ಮಾಡಿತು. ವಿಷಯ ಮಾತ್ರ ಹುಡುಗ ಮತ್ತು ಅವನ ಗೈಡು ಆರಿಸಿಕೊಂಡದ್ದು. ಮುದುಕರಿಗೆಂದೇ ಮೀಸಲಾದ ಸೀಟೇನೂ ಅದರಲ್ಲಿ ಇಲ್ಲ. 2011ರ ಜನಗಣತಿಯಲ್ಲೇ ಈ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿ ಮೀರಿದ್ದರು. ಮೀಸಲಿಟ್ಟರೆ ತಪ್ಪೇನು?

ಅಲ್ಲಿಯವರೆಗೆ ಅಂಗಡಿಯವರಾಗಲಿ, ಬಸ್ಸಿನಲ್ಲಿ ಓದುತ್ತಿರುವವರಾಗಲಿ, ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವಾಗ ಅವರ ಕನ್ನಡಕ, ಕಿವಿ ಮಿಷನ್ನು, ಹಲ್ಲುಸೆಟ್ಟು ಮರೆಯಬೇಡಿ. ನುಂಗುತ್ತಿರುವ ಅಷ್ಟೂ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧಿ ಇದ್ದರೆ ಅದನ್ನೂ. ಇದ್ದಕ್ಕಿದ್ದಂತೆ ತೊದಲಿದರೆ, ಮಂಕಾದರೆ, “ನಿನ್ನೆ ಹೀಗಿರಲಿಲ್ಲ ಡಾಕ್ಟ್ರೇ” ಅಂತ ಬಾಯಿಬಿಟ್ಟು ಹೇಳಿ. ನಿನ್ನೆ ಹೇಗಿದ್ದರು ಅನ್ನೋದು ವಾರ್ಡಿನಲ್ಲಿ ನಿಮಗೊಬ್ಬರಿಗೇ ಗೊತ್ತಿರುವುದು.