ಅಂಬಾರಿ ಕಾಣುತ್ತೆ, ಮಾವುತ?

ಕಾರ್ಲ್‌ಟನ್ ಚಾಪ್ಮನ್.
ಈ ಹೆಸರು ಕೇಳಿದ್ದೀರಾ?

ಮೈಸೂರಲ್ಲಿ ಯಾರನ್ನಾದ್ರೂ ನಿಲ್ಲಿಸಿ,
ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಗೊತ್ತಾ ಅಂತ ಕೇಳಿ.
"ನಮ್ಮೂರ ಹುಡುಗ ಕಣ್ರೀ!" ಅಂತಾರೆ.
ಚಾಪ್ಮನ್ ಅಂದ್ರೆ?
ಮುಖ ಮುಖ ನೋಡ್ತಾರೆ.

ಇಬ್ಬರೂ ಒಂದೇ ಕಾಲದವರು.
ಚಾಪ್ಮನ್ ಹುಟ್ಟಿದ್ದು 1971ರಲ್ಲಿ, ನಮ್ಮ ಬೆಂಗಳೂರಲ್ಲೇ.
ಭಾರತ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆದವರು!
ಆಡ್ತಿದ್ದದ್ದು ಮಿಡ್‌ಫೀಲ್ಡಲ್ಲಿ.

ಹಾಗಂದ್ರೆ?
ಜಂಬೂಸವಾರಿ ನೆನಪು ಮಾಡ್ಕೊಳ್ಳಿ.
ಎಲ್ಲರ ಕಣ್ಣು ಚಿನ್ನದ ಅಂಬಾರಿ ಮೇಲೆ.
ಆನೆ ಹೆಜ್ಜೆ ತಪ್ಪದ ಹಾಗೆ ನಡೆಸೋದು ಮಾತ್ರ
ಕತ್ತಿನ ಮೇಲೆ ಕೂತ ಮಾವುತ.
ಫೋಟೋದಲ್ಲಿ ಅವನನ್ನ ಯಾರು ನೋಡ್ತಾರೆ?
ಮಿಡ್‌ಫೀಲ್ಡರ್ ಕೆಲಸವೂ ಹಾಗೇ.

1996-97.
ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್.
ಗೆದ್ದಿದ್ದು ಪಂಜಾಬಿನ ಜೆಸಿಟಿ.
ಮುಂದೆ ಗೋಲು ಹೊಡೆಯೋಕೆ ವಿಜಯನ್, ಭುಟಿಯಾ.
ಜನ ಕೂಗಿದ್ದು ಅವರ ಹೆಸರನ್ನ.
ಹಿಂದೆ ನಿಂತು ಆಟ ಕಟ್ಟಿದವರಲ್ಲಿ ಚಾಪ್ಮನ್ ಒಬ್ಬರು.

ಗೋಲು ಹೊಡೆಯೋಕೆ ಬರ್ತಿರಲಿಲ್ವಾ?
ಅಯ್ಯೋ, 1993ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಪರ
ಇರಾಕಿನ ಅಲ್ ಜವ್ರಾ ಮೇಲೆ ಹ್ಯಾಟ್ರಿಕ್!
ಪಂದ್ಯ 6-2.

2001ರಲ್ಲಿ ಅದೇ ಕ್ಲಬ್ಬಿಗೆ ಲೀಗ್ ಗೆದ್ದುಕೊಟ್ಟರು.
ಆಗ ಅವರೇ ಕ್ಯಾಪ್ಟನ್.

2020ರ ಅಕ್ಟೋಬರಲ್ಲಿ ಹೋಗಿಬಿಟ್ರು.
ವಯಸ್ಸು ಬರೀ 49.